ಆಕರ ಸೂಚನೆ ಮತ್ತು ಭಾಷಿಕ ಪುರಾವೆ: ಕನ್ನಡ ಭಾಷಾವಿಜ್ಞಾನದ ಸಂಶೋಧನ ಪ್ರಬಂಧಗಳನ್ನು ಕುರಿತು

1. ಪ್ರವೇಶ

ಸಂಶೋಧನ ವಿದ್ಯಾರ್ಥಿಗಳಿಗೆ ಆಕರ ಸೂಚನೆಯ ಕ್ರಮವನ್ನು ಕಲಿಸುವಾಗ ಸಾಮಾನ್ಯವಾಗಿ ಎರಡು ಸಂಗತಿಗಳಿಗೆ ಒತ್ತು ಬೀಳುತ್ತದೆ. ಅನ್ಯರ ಮಾತನ್ನು ತನ್ನದೆಂದು ತೋರಿಸಬಾರದು ಎಂಬುದು ಒಂದು. ಆಕರಪಟ್ಟಿಯ ವಿವರಗಳು ನಿಗದಿತ ಕ್ರಮದಲ್ಲಿರಬೇಕು ಎಂಬುದು ಇನ್ನೊಂದು. ಮೊದಲನೆಯದು ನೀತಿ, ಎರಡನೆಯದು ಶಿಸ್ತು. ಎರಡೂ ಅಗತ್ಯವಾದವುಗಳೇ. ಆದರೆ ಭಾಷಾವಿಜ್ಞಾನದಲ್ಲಿ ಆಕರ ಸೂಚನೆಗೆ ಮೂರನೆಯ ಹೊಣೆಯೊಂದಿದೆ. ನಮ್ಮ ವಾದಗಳು ಉದಾಹರಣೆಗಳ ಮೇಲೆ ನಿಂತಿರುತ್ತವೆ. ಒಂದು ರೂಪವು ಎಲ್ಲಿ, ಯಾವ ಕಾಲದಲ್ಲಿ, ಯಾರ ಬರಹದಲ್ಲಿ ಅಥವಾ ಮಾತಿನಲ್ಲಿ ದೊರೆಯಿತೆಂಬುದನ್ನು ಓದುಗರು ಮರಳಿ ಪರಿಶೀಲಿಸಲಾಗದಿದ್ದರೆ, ಆ ರೂಪವನ್ನು ಆಧರಿಸಿದ ನಿರ್ಣಯವೂ ಪರಿಶೀಲನೆಗೆ ನಿಲುಕುವುದಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯು ಹೋಲಿಕೆಯನ್ನು ಶೇಕಡಾವಾರು ಹಂತಗಳಲ್ಲಿ ಅಳೆಯುತ್ತದೆ. ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ವ್ಯವಸ್ಥೆಯ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಂತ್ರಾಂಶವು ಅಕ್ಷರಸರಣಿಗಳ ಹೋಲಿಕೆಯನ್ನು ಮಾತ್ರ ಗುರುತಿಸಬಲ್ಲುದು. ಶಾಸನವನ್ನು ನೋಡದೆಯೇ ನೋಡಿದಂತೆ ಉಲ್ಲೇಖಿಸಿದುದನ್ನಾಗಲಿ, ಇಂಗ್ಲಿಷ್ ವ್ಯಾಕರಣದ ಉದಾಹರಣೆಯನ್ನು ಕನ್ನಡ ಲಿಪಿಗೆ ಇಳಿಸಿ ಮೂಲವನ್ನು ಮರೆಮಾಡಿದುದನ್ನಾಗಲಿ ಅದು ಗುರುತಿಸುವುದು ಕಷ್ಟ. ಶೇಕಡಾ ಸೊನ್ನೆ ಹೋಲಿಕೆಯ ಪ್ರಬಂಧದಲ್ಲಿಯೂ ಪುರಾವೆಯ ಸರಣಿ ಕಡಿದುಹೋಗಿರಬಹುದು.

2. ಶಾಸನಗಳು: ಸಂಖ್ಯೆ ಮತ್ತು ಪಾಠ

ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವನ್ನು ತೆಗೆದುಕೊಳ್ಳೋಣ. ಶ್ರವಣಬೆಳಗೊಳದ ಶಾಸನಗಳ ಈ ಸಂಪುಟವನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಹೀಗಿರುವಾಗ ‘ಎ.ಕ. 2, ಸಂ. 98’ ಎಂದಷ್ಟೇ ಬರೆದರೆ ಅದು ಯಾವ ಆವೃತ್ತಿಯ 98 ಎಂಬುದು ತಿಳಿಯುವುದಿಲ್ಲ. ಪ್ರಕಟಣೆಯ ವರ್ಷವನ್ನು ಸೇರಿಸಿದರೆ ಈ ಗೊಂದಲ ತೀರುತ್ತದೆ. ಸ್ಥಳ, ಶಾಸನದ ಕಾಲ ಮತ್ತು ಸಾಲಿನ ಸಂಖ್ಯೆಯನ್ನೂ ಕೊಟ್ಟರೆ ಓದುಗರು ನೇರವಾಗಿ ಆ ರೂಪವನ್ನೇ ತಲುಪುತ್ತಾರೆ.

ಆವೃತ್ತಿಯನ್ನು ಸೂಚಿಸಬೇಕಾದುದಕ್ಕೆ ಇದಕ್ಕಿಂತ ಗಂಭೀರವಾದ ಕಾರಣವೂ ಇದೆ. ೞಕಾರದ ಚರಿತ್ರೆಯನ್ನು ಬರೆಯುವ ವಿದ್ಯಾರ್ಥಿಗೆ ‘ಏೞು’ ಎಂಬುದು ‘ಏಳು’ ಆದದ್ದು, ‘ಕೞ್ತೆ’ಯು ‘ಕರ್ತೆ’ಯಾಗಿ ‘ಕತ್ತೆ’ಯಾದದ್ದು ಮುಖ್ಯ ಪುರಾವೆಗಳು. ಜನಪ್ರಿಯ ಸಂಕಲನಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಮುದ್ರಣದ ಅನುಕೂಲಕ್ಕಾಗಿ ೞ, ಱಗಳನ್ನು ಳ, ರ ಎಂದು ಅಚ್ಚುಹಾಕಿರುವುದುಂಟು. ಅಂತಹ ಪಾಠದಿಂದ ರೂಪಗಳನ್ನು ಆಯ್ದು ‘ಈ ಶತಮಾನದ ವೇಳೆಗೆ ೞಕಾರ ಲೋಪವಾಗಿತ್ತು’ ಎಂದು ನಿರ್ಣಯಿಸಿದರೆ, ಭಾಷೆಯ ಬದಲಾವಣೆಗೆ ಬದಲಾಗಿ ಸಂಪಾದಕರ ಅಥವಾ ಮುದ್ರಕರ ಆಯ್ಕೆಯನ್ನು ದಾಖಲಿಸಿದಂತಾಗುತ್ತದೆ. ಯಾವ ಆವೃತ್ತಿಯೆಂದು ಹೇಳಿದ್ದರೆ ಪರೀಕ್ಷಕರು ಈ ದೋಷವನ್ನು ಕಂಡುಹಿಡಿಯಬಲ್ಲರು. ಹೇಳದಿದ್ದರೆ ಅದು ಮುಂದಿನ ಪ್ರಬಂಧಗಳಿಗೂ ದಾಟಿಕೊಳ್ಳುತ್ತದೆ.

ಕಾಲನಿರ್ದೇಶದ ವಿಷಯವೂ ಹೀಗೆಯೇ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಸುಮಾರು ಕ್ರಿ.ಶ. 450 ಎಂಬ ಪ್ರಚಲಿತ ಕಾಲವು ಲಿಪಿ ಮತ್ತು ಒಳ ಆಧಾರಗಳಿಂದ ವಿದ್ವಾಂಸರು ಮಾಡಿದ ಊಹೆ. ಇದಕ್ಕಿಂತ ಈಚಿನ ಕಾಲವನ್ನು ಸೂಚಿಸಿದವರೂ ಇದ್ದಾರೆ. ಆದುದರಿಂದ ಶಾಸನದ ಪಾಠಕ್ಕೆ ಒಂದು ಆಕರವನ್ನೂ ಅದರ ಕಾಲಕ್ಕೆ ಇನ್ನೊಂದು ಆಕರವನ್ನೂ ಪ್ರತ್ಯೇಕವಾಗಿ ಕೊಡುವುದು ಯುಕ್ತ. ಕಲ್ಲಿನ ಮೇಲೆ ಇರುವುದು ಒಂದು, ಅದನ್ನು ಕುರಿತ ಅಭಿಪ್ರಾಯ ಇನ್ನೊಂದು.

3. ವ್ಯಾಕರಣಗಳು ಮತ್ತು ನಿಘಂಟುಗಳು

ಶಬ್ದಮಣಿದರ್ಪಣದ ಸೂತ್ರಗಳನ್ನು ಸಂಖ್ಯೆಯಿಂದ ಉಲ್ಲೇಖಿಸುವುದು ರೂಢಿ. ಗ್ರಂಥವು 1872ರ ಕಿಟ್ಟೆಲ್ ಆವೃತ್ತಿಯಿಂದ ಮೊದಲ್ಗೊಂಡು ಡಿ. ಎಲ್. ನರಸಿಂಹಾಚಾರ್ ಅವರ ಪರಿಷ್ಕರಣದವರೆಗೆ ಹಲವು ಕೈಗಳಲ್ಲಿ ಸಂಪಾದನೆಗೊಂಡಿದೆ. ಆದ್ದರಿಂದ ಸೂತ್ರಸಂಖ್ಯೆಯ ಜೊತೆಗೆ ಸಂಪಾದಕರ ಹೆಸರಿರಬೇಕು. ಉದ್ಧರಿಸಿದ ಮಾತು ಕೇಶಿರಾಜನ ಸೂತ್ರದ್ದೋ, ವೃತ್ತಿಯದ್ದೋ, ಅನಂತರದ ವ್ಯಾಖ್ಯಾನಕಾರರದ್ದೋ ಎಂಬುದನ್ನೂ ಸ್ಪಷ್ಟಪಡಿಸಬೇಕು. ವ್ಯಾಖ್ಯಾನಕಾರರ ಮಾತನ್ನು ಕೇಶಿರಾಜನದೆಂದು ಉದ್ಧರಿಸಿದರೆ ಈಚಿನ ವ್ಯಾಕರಣ ವಿಚಾರವೊಂದು ಹದಿಮೂರನೆಯ ಶತಮಾನಕ್ಕೆ ಸಂದುಬಿಡುತ್ತದೆ.

ಬರೋ ಮತ್ತು ಎಮಿನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು 1961ರಲ್ಲಿ ಪ್ರಕಟವಾಯಿತು. ಪರಿಷ್ಕೃತ ಎರಡನೆಯ ಆವೃತ್ತಿ 1984ರಲ್ಲಿ ಬಂದಿತು. ಎರಡರ ನಮೂದು ಸಂಖ್ಯೆಗಳು ಬೇರೆಬೇರೆ. 1984ಕ್ಕೆ ಮುಂಚಿನ ಲೇಖನವೊಂದರಿಂದ ಸಂಖ್ಯೆಯನ್ನು ಎತ್ತಿಕೊಂಡು ಆಕರಪಟ್ಟಿಯಲ್ಲಿ ಎರಡನೆಯ ಆವೃತ್ತಿಯನ್ನು ನಮೂದಿಸಿದರೆ, ಆ ಸಂಖ್ಯೆಯನ್ನು ಹುಡುಕಿ ಹೊರಟವರಿಗೆ ಸಂಬಂಧವೇ ಇಲ್ಲದ ಧಾತುವೊಂದು ಎದುರಾಗುತ್ತದೆ. ಕಿಟ್ಟೆಲ್ ನಿಘಂಟಿನ ವಿಷಯದಲ್ಲಿಯೂ 1894ರ ಮೂಲವನ್ನೂ ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಎಂ. ಮರಿಯಪ್ಪ ಭಟ್ ಪರಿಷ್ಕರಿಸಿದ ಸಂಪುಟಗಳನ್ನೂ ಬೇರ್ಪಡಿಸಿ ಹೇಳಬೇಕು. ಪರಿಷ್ಕರಣದಲ್ಲಿ ಸೇರಿದ ಅರ್ಥವನ್ನು 1894ರಲ್ಲಿ ದಾಖಲಾದುದೆಂದು ಭಾವಿಸುವಂತಿಲ್ಲ.

4. ಕೈದಾಟಿ ಬಂದ ಉದಾಹರಣೆಗಳು

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಪದಗಳಿಗೆ ಕಾವ್ಯಗಳಿಂದಲೂ ಶಾಸನಗಳಿಂದಲೂ ಪ್ರಯೋಗಗಳನ್ನು ಕೊಡುತ್ತದೆ. ಆ ಪ್ರಯೋಗಗಳನ್ನು ಬಳಸುವುದು ತಪ್ಪಲ್ಲ. ಮೂಲಕಾವ್ಯವನ್ನೇ ಓದಿ ಆಯ್ದುಕೊಂಡಂತೆ ತೋರಿಸುವುದು ತಪ್ಪು. ಎ. ಎನ್. ನರಸಿಂಹಯ್ಯ ಅವರ 1941ರ ಅಥವಾ ಜಿ. ಎಸ್. ಗಾಯಿ ಅವರ 1946ರ ಶಾಸನವ್ಯಾಕರಣದಿಂದ ರೂಪಗಳನ್ನು ಪಡೆದಾಗಲೂ ಇದೇ ನಿಯಮ ಅನ್ವಯಿಸುತ್ತದೆ. ಮೂಲ ಶಾಸನದ ವಿವರವನ್ನು ಬರೆದು ‘ಗಾಯಿ 1946ರಿಂದ ಉದ್ಧೃತ’ ಎಂದು ಪುಟಸಂಖ್ಯೆಯೊಡನೆ ಸೇರಿಸಿದರೆ ಸಾಕು. ಇದರಿಂದ ವಿದ್ಯಾರ್ಥಿಯ ಘನತೆಗೆ ಕುಂದಿಲ್ಲ. ಮುಂದೆ ಆ ಶಾಸನದ ಪಾಠ ತಿದ್ದುಪಡಿಗೊಂಡರೆ ಯಾವ ಯಾವ ನಿರ್ಣಯಗಳನ್ನು ಮರುಪರಿಶೀಲಿಸಬೇಕೆಂಬುದು ತಿಳಿಯುತ್ತದೆ.

ಆಧುನಿಕ ವಿವರಣಾತ್ಮಕ ವ್ಯಾಕರಣಗಳಿಂದ ವಾಕ್ಯಗಳನ್ನು ತೆಗೆದುಕೊಳ್ಳುವಾಗ ಉದಾಹರಣೆ ಯಾರದು, ಪದವಾರು ಅರ್ಥವಿಂಗಡಣೆ ಯಾರದು, ಅನುವಾದ ಯಾರದು ಎಂಬ ಮೂರನ್ನೂ ಹೇಳಬೇಕು. ಎಸ್. ಎನ್. ಶ್ರೀಧರ್ ಅವರ 1990ರ ವ್ಯಾಕರಣದ ವಾಕ್ಯವೊಂದಕ್ಕೆ ನಾವು ಬೇರೆ ವಿಂಗಡಣೆಯನ್ನು ಕೊಟ್ಟು ಅವರ ಹೆಸರನ್ನಷ್ಟೇ ನಮೂದಿಸಿದರೆ, ಅವರು ಒಪ್ಪದ ವಿಶ್ಲೇಷಣೆಯನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ‘ಉದಾಹರಣೆ ಶ್ರೀಧರ್ 1990, ವಿಂಗಡಣೆ ನಮ್ಮದು’ ಎಂಬ ಟಿಪ್ಪಣಿ ಈ ಅನ್ಯಾಯವನ್ನು ತಪ್ಪಿಸುತ್ತದೆ.

5. ಆಡುಮಾತಿನ ಸಾಮಗ್ರಿ

ಕ್ಷೇತ್ರಕಾರ್ಯದ ಸಾಮಗ್ರಿಗೂ ಆಕರ ಸೂಚನೆ ಬೇಕೆಂಬ ಅರಿವು ಈಚೆಗೆ ಬಲಗೊಂಡಿದೆ. ಭಾಷಿಕ ದತ್ತಾಂಶದ ಉಲ್ಲೇಖವನ್ನು ಕುರಿತ ಆಸ್ಟಿನ್ ತತ್ತ್ವಗಳು ಮತ್ತು 2019ರ ಟ್ರೊಮ್ಸೊ ಶಿಫಾರಸುಗಳು ದತ್ತಾಂಶವನ್ನು ಪ್ರಕಟಿತ ಗ್ರಂಥಕ್ಕೆ ಸಮಾನವಾದ ಆಕರವೆಂದು ಪರಿಗಣಿಸುತ್ತವೆ. ಧ್ವನಿಮುದ್ರಣದ ಗುರುತು, ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು, ಸಾಧ್ಯವಿದ್ದರೆ ವಾಕ್ಯದ ನಿಮಿಷ-ಸೆಕೆಂಡುಗಳು ಉದಾಹರಣೆಯ ಬದಿಯಲ್ಲೇ ಇರಬೇಕು. ವಕ್ತೃಗಳು ಒಪ್ಪಿದರೆ ಹೆಸರು, ಇಲ್ಲವಾದರೆ ಸಂಕೇತ. ಸಂಭಾಷಣೆಯಲ್ಲಿ ತಾನಾಗಿ ಬಂದ ವಾಕ್ಯವನ್ನೂ ಪ್ರಶ್ನಿಸಿ ಹೇಳಿಸಿದ ವಾಕ್ಯವನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಸಂಶೋಧಕರು ತಮ್ಮ ಸ್ವಂತ ಭಾಷಾಜ್ಞಾನದಿಂದ ರಚಿಸಿದ ವಾಕ್ಯವಾದರೆ ಅದನ್ನೂ ಹಾಗೆಂದೇ ಹೇಳಬೇಕು. ‘ಕನ್ನಡದಲ್ಲಿ ಹೀಗೆ ಹೇಳುತ್ತಾರೆ’ ಎಂಬುದು ಆಕರವಲ್ಲ. ಧಾರವಾಡದ ವಕ್ತೃವಿಗೆ ಸಹಜವಾದದ್ದು ಮೈಸೂರಿನವರಿಗೆ ಅಸಹಜವಾಗಿರಬಹುದಾದ ಭಾಷೆಯಲ್ಲಿ ಇದು ಅನಿವಾರ್ಯ.

6. ಹೆಸರುಗಳು

ದ್ವಿಭಾಷಾ ಬರವಣಿಗೆಯಲ್ಲಿ ಕರ್ತೃಗಳ ಹೆಸರೇ ತೊಡಕಾಗುತ್ತದೆ. ಕುಲನಾಮವನ್ನು ನಿರೀಕ್ಷಿಸುವ ಆಕರ ತಂತ್ರಾಂಶಗಳು ಎಂ. ಚಿದಾನಂದಮೂರ್ತಿ ಅವರನ್ನು ರೋಮನ್ ಪಟ್ಟಿಯಲ್ಲಿ ‘ಮೂರ್ತಿ’ ಎಂಬಲ್ಲಿ ಇರಿಸಬಹುದು. ಕನ್ನಡ ಪಟ್ಟಿಯಲ್ಲಿ ಅವರು ‘ಚಿದಾನಂದಮೂರ್ತಿ, ಎಂ.’ ಎಂದೇ ಇರುತ್ತಾರೆ. ಮಹಾಪ್ರಾಣಗಳನ್ನು ಬರಹದಿಂದ ಕೈಬಿಡಬೇಕೆಂದು ವಾದಿಸಿದ ಡಿ. ಎನ್. ಶಂಕರ ಭಟ್ ಅವರ ಹೆಸರು ಈಚಿನ ಕೃತಿಗಳಲ್ಲಿ ‘ಬಟ್’ ಎಂದೇ ಅಚ್ಚಾಗಿದೆ. ಮುಖಪುಟದಲ್ಲಿರುವ ರೂಪವನ್ನೇ ಉಳಿಸಿಕೊಳ್ಳಬೇಕು. ಆದರೆ ಇಬ್ಬರೂ ಒಬ್ಬರೇ ಎಂಬುದನ್ನು ಅಡ್ಡಸೂಚನೆಯಿಂದ ತಿಳಿಸಬೇಕು. ಕರ್ತೃತ್ವವೇ ವಿವಾದಾಸ್ಪದವಾಗಿರುವ ಕವಿರಾಜಮಾರ್ಗದಂತಹ ಕೃತಿಗಳನ್ನು ಶೀರ್ಷಿಕೆ ಮತ್ತು ಸಂಪಾದಕರ ಹೆಸರಿನಡಿಯಲ್ಲಿ ಇರಿಸುವುದು ಸುರಕ್ಷಿತ. ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಆಕರಪಟ್ಟಿಯು ತೀರ್ಮಾನಿಸಬಾರದು.

7. ಸಮಾರೋಪ

ಮೇಲೆ ಹೇಳಿದ ಎಲ್ಲ ಸೂಚನೆಗಳನ್ನೂ ಒಂದೇ ಪ್ರಶ್ನೆಗೆ ಇಳಿಸಬಹುದು: ನಮ್ಮನ್ನು ಒಪ್ಪದ ಓದುಗರೊಬ್ಬರು ನಾವು ಕೊಟ್ಟ ವಿವರಗಳಿಂದಲೇ ನಾವು ನೋಡಿದ ರೂಪವನ್ನು ತಲುಪಿ, ನಾವು ತಪ್ಪೆಂದು ತೋರಿಸಬಲ್ಲರೆ? ತೋರಿಸಬಲ್ಲರಾದರೆ ಆಕರ ಸೂಚನೆ ಸರಿಯಾಗಿದೆ. ಪ್ರಬಂಧ ಮುಗಿದ ಮೇಲೆ ವಿವರಗಳನ್ನು ಹುಡುಕಿ ತುಂಬುವುದರಿಂದ ಇದು ಸಾಧ್ಯವಾಗದು. ರೂಪವನ್ನು ಟಿಪ್ಪಣಿ ಮಾಡಿಕೊಂಡ ದಿನವೇ ಆವೃತ್ತಿ, ಪುಟ ಮತ್ತು ಸಾಲನ್ನು ಅದರ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಮಾರ್ಗದರ್ಶಕರು ಮೊದಲ ವರ್ಷದಲ್ಲಿಯೇ ರೂಢಿಸಬೇಕು.