ಏನೂ ಇಲ್ಲದ ಕೋಣೆಗೆ ಇಷ್ಟೊಂದು ಬಾಡಿಗೆ!

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಬಳ್ಳಾರಿ ರಸ್ತೆಯಲ್ಲಿ ನಗರದತ್ತ ಬರುತ್ತಿದ್ದೀರೆಂದು ಇಟ್ಟುಕೊಳ್ಳಿ. ಯಲಹಂಕ ದಾಟಿ ಹೆಬ್ಬಾಳ ಸಮೀಪಿಸುವಾಗ ಗಾಜಿನ ಎತ್ತರದ ಕಟ್ಟಡಗಳು ಒಂದೊಂದಾಗಿ ಎದುರಾಗುತ್ತವೆ. ಅಲ್ಲಿಂದ ಎಡಕ್ಕೆ ಹೊರವರ್ತುಲ ರಸ್ತೆ ಹಿಡಿದರೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ನೇರ ಹೋದರೆ ಗಂಗಾನಗರ, ಆರ್.ಟಿ. ನಗರ. ಬಲಕ್ಕೆ ಹೋದರೆ ಯಶವಂತಪುರ. 2008ರಲ್ಲಿ ದೇವನಹಳ್ಳಿ ಬಳಿ ಹೊಸ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. 2011ರಲ್ಲಿ ಬ್ರಿಗೇಡ್ ಗೇಟ್‌ವೇಯಲ್ಲಿ ಶೆರಟನ್, ಮರುವರ್ಷ ಯಶವಂತಪುರದಲ್ಲಿ ತಾಜ್, 2019ರಲ್ಲಿ ಬಳ್ಳಾರಿ ರಸ್ತೆಯಲ್ಲಿ ಫೋರ್ ಸೀಸನ್ಸ್, 2022ರಲ್ಲಿ ಮಾನ್ಯತಾದ ಒಳಗೇ ಹಿಲ್ಟನ್‌ನ ಎರಡು ಹೋಟೆಲುಗಳು ಬಂದವು. ಹಿಲ್ಟನ್‌ನ ಈ ಎರಡರಲ್ಲೇ ಆರುನೂರಕ್ಕೂ ಹೆಚ್ಚು ಕೋಣೆಗಳಿವೆ.

ಇದೆಲ್ಲ ಕೋಟು ಹಾಕಿದ ಕಂಪೆನಿಯವರ ಲೋಕ, ನಮಗೇನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಈಗ ನಮ್ಮ ಮಕ್ಕಳೇ ಆ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುತ್ತಾರೆ. ಹೆತ್ತವರು ಬಂದಾಗ ಪ್ರೀತಿಯಿಂದ ಕೋಣೆ ಬುಕ್ ಮಾಡುತ್ತಾರೆ. ಗಲ್ಫ್‌ನಿಂದ ಬರುವ ಅಳಿಯಂದಿರು, ಮದುವೆಗೆ ಬರುವ ಬೀಗರು, ಹೆಬ್ಬಾಳದ ಆಸ್ಪತ್ರೆಗಳಿಗೆ ರೋಗಿಯೊಂದಿಗೆ ಬರುವವರು, ಹೀಗೆ ಯಾವುದಾದರೊಂದು ನೆಪದಲ್ಲಿ ಈ ಬಾಗಿಲು ನಮಗೂ ತೆರೆಯುತ್ತದೆ.

ನಮ್ಮ ಮಗ ಮೂವರು ಗೆಳೆಯರೊಂದಿಗೆ ಒಂದು ಫ್ಲಾಟ್‌ನಲ್ಲಿದ್ದಾನೆ. ಅಲ್ಲಿ ನಾವು ಉಳಿಯುವಂತಿರಲಿಲ್ಲ. ಕಂಪೆನಿಯ ರಿಯಾಯಿತಿ ದರ ಸಿಗುತ್ತದೆಂದು ಅವನು ಎರಡು ರಾತ್ರಿಗೆ ಒಂದು ದೊಡ್ಡ ಹೋಟೆಲಿನಲ್ಲಿ ಕೋಣೆ ಹಿಡಿದ. ಬಾಗಿಲು ತೆರೆದಾಗ ನನ್ನವರು ಮಾಡಿದ ಮೊದಲ ಉದ್ಗಾರ, "ಸಾಮಾನು ಇನ್ನೂ ಬಂದಿಲ್ಲವೇನೋ!"

ಬೂದು ಬಣ್ಣದ ಗೋಡೆ. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. ಕಿಟಕಿಯ ಉದ್ದಕ್ಕೂ ಒಂದು ಆಸನ. ಹೂದಾನಿ ಇಲ್ಲ, ಚಿತ್ರವಿಲ್ಲ, ಕಪಾಟಿಗೆ ಹಿಡಿಯೂ ಇಲ್ಲ, ಒತ್ತಿದರೆ ತೆರೆಯುತ್ತದೆ. ಲೈಟಿನ ಸ್ವಿಚ್ ಹುಡುಕಲು ನಮಗೆ ಐದು ನಿಮಿಷ ಬೇಕಾಯಿತು. ಇದು ಈಗಿನ ಶೈಲಿಯಂತೆ, ಹೆಸರು ಮಿನಿಮಲಿಸಂ. ವಸ್ತುಗಳು ಕಡಿಮೆಯಾದಷ್ಟೂ ಬೆಲೆ ಜಾಸ್ತಿ. ಹಿಂದೆ ಐಷಾರಾಮವೆಂದರೆ ಜೂಲಾಡುವ ಗಾಜಿನ ದೀಪ, ಬಂಗಾರದ ಅಂಚಿನ ಕುರ್ಚಿ, ಕಾಲು ಹೂತುಹೋಗುವ ರತ್ನಗಂಬಳಿ. ಈಗ ದಿನವಿಡೀ ಗದ್ದಲ, ಟ್ರಾಫಿಕ್, ಫೋನುಗಳ ನಡುವೆ ಇರುವವನಿಗೆ ಖಾಲಿ ಜಾಗವೇ ದುಬಾರಿ ವಸ್ತು. ಅದನ್ನೇ ಮಾರುತ್ತಾರೆ.

ನಿಜ ಹೇಳಬೇಕೆಂದರೆ ಆ ಖಾಲಿತನ ನನಗೆ ಇಷ್ಟವಾಯಿತು. ಮನೆಯಲ್ಲಿ ನಮ್ಮ ಷೋಕೇಸ್ ನೆನಪಾಯಿತು. ದಮ್ಮಾಮ್‌ನಿಂದ ಬಂದ ಗಾಜಿನ ಸೆಟ್ಟುಗಳು, ಯಾರೂ ಕುಡಿಯದ ಚಹಾ ಕಪ್ಪುಗಳು, ಪ್ಲಾಸ್ಟಿಕ್ ಹೂಗಳು. ಪ್ರತಿ ಶುಕ್ರವಾರ ಅವನ್ನು ಒರೆಸುವವರು ಯಾರು? ನೀವೇ ಅಲ್ಲವೇ? ಸಾಮಾನು ತಂದವರು ಬೇರೆ, ಧೂಳು ಹೊಡೆಯುವವರು ಬೇರೆ.

ಆ ರಾತ್ರಿ ನಿದ್ದೆ ಬರುವ ಮುಂಚೆ ಇನ್ನೊಂದು ಕೋಣೆಯೂ ನೆನಪಾಯಿತು. ಉಮರ್(ರ) ಒಮ್ಮೆ ಪ್ರವಾದಿ(ಸ)ಯವರ ಬಳಿಗೆ ಹೋದಾಗ ಅವರು ಬರಿಯ ಚಾಪೆಯ ಮೇಲೆ ಮಲಗಿದ್ದರು. ಚಾಪೆಯ ಗುರುತು ಪಕ್ಕೆಯಲ್ಲಿ ಮೂಡಿತ್ತು. ಖರ್ಜೂರದ ನಾರು ತುಂಬಿದ ಚರ್ಮದ ತಲೆದಿಂಬು, ತೂಗುಹಾಕಿದ ಕೆಲವು ಚರ್ಮಗಳು, ಕೋಣೆಯಲ್ಲಿದ್ದುದು ಅಷ್ಟೇ. ಪರ್ಶಿಯ ಮತ್ತು ರೋಮ್‌ನ ದೊರೆಗಳ ವೈಭೋಗವನ್ನು ನೆನೆದು ಉಮರ್(ರ) ಅತ್ತುಬಿಟ್ಟರು. ಅವರಿಗೆ ಇಹಲೋಕ, ನಮಗೆ ಪರಲೋಕ ಎಂಬುದು ನಿಮಗೆ ತೃಪ್ತಿಯಲ್ಲವೇ ಎಂಬರ್ಥದ ಉತ್ತರ ಪ್ರವಾದಿ(ಸ)ಯವರಿಂದ ಬಂತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಘಟನೆ ಇದೆ. ಐದಂಕಿಯ ಬಾಡಿಗೆಯ ಕೋಣೆಯನ್ನು ಆ ಕೋಣೆಯೊಂದಿಗೆ ಹೋಲಿಸುವ ಧೈರ್ಯ ನನಗಿಲ್ಲ. ಹೋಟೆಲಿನ ಗೋಡೆಯೊಳಗೆ ಏಸಿ ಇದೆ, ಮೇಜಿನೊಳಗೆ ಫ್ರಿಜ್ ಇದೆ. ಅಲ್ಲಿ ಏನೂ ಇಲ್ಲವೆಂದಲ್ಲ, ಎಲ್ಲವನ್ನೂ ಅಡಗಿಸಿಡಲಾಗಿದೆ.

ಇನ್ನು ಇಂತಹ ಕಡೆ ಉಳಿಯುವ ಸಂದರ್ಭ ಬಂದರೆ ನೀವು ಮೊದಲೇ ತಿಳಿದಿರಬೇಕಾದ ಕೆಲವು ಮಾತುಗಳು. ಇಂತಹ ಹಲವು ಹೋಟೆಲುಗಳಲ್ಲಿ ಸ್ನಾನಗೃಹಕ್ಕೂ ಮಲಗುವ ಕೋಣೆಗೂ ನಡುವೆ ಗೋಡೆಯ ಬದಲು ಗಾಜು ಇರುತ್ತದೆ. ಬೆಳೆದ ಮಕ್ಕಳೊಂದಿಗೆ, ಅತ್ತೆಯೊಂದಿಗೆ ಹೋದವರಿಗೆ ಇದು ದೊಡ್ಡ ಮುಜುಗರ. ಸಾಮಾನ್ಯವಾಗಿ ಒಂದು ಪರದೆ ಇರುತ್ತದೆ, ಅದರ ಗುಂಡಿ ಎಲ್ಲಿದೆಯೆಂದು ಕೋಣೆ ತೋರಿಸಲು ಬಂದ ಹುಡುಗನಲ್ಲೇ ಕೇಳಿಕೊಳ್ಳಿ. ಬುಕ್ ಮಾಡುವಾಗಲೇ ಗೋಡೆಯಿರುವ ಸ್ನಾನಗೃಹ ಬೇಕೆಂದು ಹೇಳುವುದು ಇನ್ನೂ ಒಳ್ಳೆಯದು. ಫ್ರಿಜ್‌ನಲ್ಲಿ ಮದ್ಯದ ಬಾಟಲಿಗಳಿದ್ದರೆ ತೆಗೆಸಿಬಿಡಿ. ರಿಸೆಪ್ಶನ್‌ಗೆ ಫೋನ್ ಮಾಡಿ ಹೇಳಿದರೆ ಸಾಕು, ಕಾರಣ ಕೊಡಬೇಕಾಗಿಲ್ಲ.

ವುಝೂ ಮಾಡಲು ವಾಶ್ ಬೇಸಿನ್‌ಗೆ ಕಾಲೆತ್ತಿ ನೆಲವನ್ನೆಲ್ಲ ಒದ್ದೆ ಮಾಡಬೇಡಿ. ಷವರ್ ಇರುವ ಜಾಗದಲ್ಲಿ ಕಾಲು ತೊಳೆಯುವುದು ಸುಲಭ, ಜಾರಿ ಬೀಳುವ ಭಯವೂ ಇಲ್ಲ. ಕಿಬ್ಲಾದ ಬಾಣ ಗಲ್ಫ್‌ನ ಹೋಟೆಲುಗಳಲ್ಲಿ ಮೇಜಿನ ಡ್ರಾಯರಿನಲ್ಲೋ ಛಾವಣಿಯಲ್ಲೋ ಅಂಟಿಸಿರುತ್ತಾರೆ. ಇಲ್ಲಿ ಅದನ್ನು ನಿರೀಕ್ಷಿಸಬೇಡಿ. ಬೆಂಗಳೂರಿನಿಂದ ಕಿಬ್ಲಾ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ. ನಮ್ಮ ಕೋಣೆಯ ಕಿಟಕಿಯಲ್ಲಿ ಸಂಜೆಯ ಸೂರ್ಯ ಕಾಣುತ್ತಿದ್ದುದರಿಂದ ಕಷ್ಟವಾಗಲಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಆದ್ದರಿಂದ ಎರಡು ದಿನಕ್ಕೆ ಬಂದವರು ಪ್ರಯಾಣಿಕರೇ. ಝುಹರ್, ಅಸರ್ ಮತ್ತು ಇಶಾವನ್ನು ಎರಡೆರಡು ರಕಅತ್ ಮಾಡಬಹುದು. ಎಷ್ಟು ದಿನ ತಂಗುವ ಉದ್ದೇಶವಿದ್ದರೆ ಈ ರಿಯಾಯಿತಿ ಇಲ್ಲವಾಗುತ್ತದೆ ಎಂಬಲ್ಲಿ ಮಾತ್ರ ವ್ಯತ್ಯಾಸವಿದೆ. ಶಾಫಿಈ ಮದ್‌ಹಬ್ ಪ್ರಕಾರ ಬರುವ ಮತ್ತು ಹೋಗುವ ದಿನ ಬಿಟ್ಟು ನಾಲ್ಕು ದಿನ, ಹನಫಿ ಪ್ರಕಾರ ಹದಿನೈದು ದಿನ.

ಊಟದ ವಿಷಯದಲ್ಲಿ ನಾಚಿಕೆ ಬೇಡ. ಮಾಂಸ ಹಲಾಲ್ ಹೌದೇ ಎಂದು ನೇರವಾಗಿ ಮುಖ್ಯ ಬಾಣಸಿಗರಲ್ಲೇ ಕೇಳಿ. ಬೆಳಗ್ಗಿನ ಬಫೆಯಲ್ಲಿ ಕೋಳಿಯ ಸಾಸೇಜಿನ ಪಕ್ಕದಲ್ಲೇ ಹಂದಿಯ ಬೇಕನ್ ಇರಬಹುದು, ಎರಡಕ್ಕೂ ಒಂದೇ ಇಕ್ಕಳ ಬಳಸುವವರೂ ಇದ್ದಾರೆ. ಸಿಹಿ ತಿನಿಸುಗಳಲ್ಲಿ ಜಿಲೆಟಿನ್, ಕೆಲವು ಸಾಸ್‌ಗಳಲ್ಲಿ ವೈನ್ ಇರುತ್ತದೆ. ಸಂಶಯವಿದ್ದರೆ ಇಡ್ಲಿ, ದೋಸೆ, ಮೊಟ್ಟೆ, ಹಣ್ಣು ಇದ್ದೇ ಇದೆ. ಕೊಟ್ಟ ಹಣ ವಸೂಲಾಗಲಿ ಎಂದು ತಟ್ಟೆ ತುಂಬಿಸಿ ಅರ್ಧ ಬಿಟ್ಟು ಏಳುವವರನ್ನು ನಾನು ಅಲ್ಲಿ ನೋಡಿದೆ. ಅವರಲ್ಲಿ ಬುರ್ಖಾ ತೊಟ್ಟವರೂ ಇದ್ದರು, ಬೇಸರವಾಯಿತು.

ಹಣದ ವಿಷಯ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ 18 ಶೇಕಡಾ ಜಿಎಸ್‌ಟಿ ಇದೆ. ಅದಕ್ಕಿಂತ ಕಡಿಮೆಯದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ 5 ಶೇಕಡಾ. ಮಕ್ಕಳು ಹೇಳುವ ದರಕ್ಕೆ ತೆರಿಗೆ ಸೇರಿದೆಯೇ ಎಂದು ವಿಚಾರಿಸಿಕೊಳ್ಳಿ.

ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಇತರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂಬ ಆದೇಶವಿದೆ. ಅದರ ಬೆನ್ನಿಗೇ ಯಾರೂ ವಾಸವಿಲ್ಲದ, ನಿಮಗೆ ಪ್ರಯೋಜನವಿರುವ ಕಟ್ಟಡಗಳನ್ನು ಪ್ರವೇಶಿಸಲು ಅಡ್ಡಿಯಿಲ್ಲವೆಂಬ ವಚನ (24:29) ಬರುತ್ತದೆ. ಪ್ರಯಾಣಿಕರ ತಂಗುದಾಣಗಳು ಇದರಲ್ಲಿ ಸೇರುತ್ತವೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಆದರೆ ತಂಗುದಾಣದಲ್ಲೂ ನೀವಿರುವ ಕೋಣೆ ನಿಮ್ಮ ಮನೆಯೇ. ಬಾಗಿಲಿಗೆ 'ತೊಂದರೆ ಕೊಡಬೇಡಿ' ಫಲಕ ಹಾಕಿ, ಒಳಗಿನಿಂದ ಚಿಲಕ ಹಾಕಿಕೊಳ್ಳಿ. ತಲೆಯ ಮೇಲೆ ಶಾಲು ಎಳೆದುಕೊಳ್ಳುವ ಮೊದಲೇ ಯಾರೋ ಒಳಗೆ ಬಂದರೆ ಎಂಬ ಆತಂಕ ಇರುವುದಿಲ್ಲ. ಸ್ವಚ್ಛತೆಗೆ ಮಹಿಳೆಯನ್ನೇ ಕಳುಹಿಸಿ ಎಂದೂ ಕೇಳಬಹುದು. ನಾವು ಕೇಳಿದೆವು.

ಬಂದವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ದಿನಕ್ಕೆ ಹದಿಮೂರು ಹದಿನಾಲ್ಕು ಕೋಣೆ ಅವಳ ಪಾಲಿಗೆ. "ಸಾಮಾನು ಕಡಿಮೆ ಇದೆಯಲ್ಲ, ಕೆಲಸ ಸುಲಭವಿರಬೇಕು" ಎಂದೆ. ಅವಳು ನಕ್ಕಳು. "ಇಲ್ಲ ಆಂಟಿ, ಇಂಥ ರೂಮೇ ಕಷ್ಟ. ಒಂದು ಕೂದಲು ಬಿದ್ದಿದ್ದರೂ ಕಾಣುತ್ತೆ. ಗಾಜಿನ ಮೇಲೆ ನೀರಿನ ಹನಿ ಒಣಗಿದ್ದರೂ ಸೂಪರ್‌ವೈಸರ್ ಬೈತಾರೆ." ಆಮೇಲೆ ನಾನು ಸ್ನಾನ ಮುಗಿಸಿ ಗಾಜು ಒರೆಸಿಯೇ ಹೊರಬರತೊಡಗಿದೆ. ನನ್ನವರು ತಮಾಷೆ ಮಾಡಿದರು.

ಇಷ್ಟರಲ್ಲಿ ನಿಜವಾದ ತೊಂದರೆ ಬೇರೆಯೇ ಕಡೆ ಕಾದಿತ್ತು. ಆರ್.ಟಿ. ನಗರದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಎರಡು ಕೋಣೆಯ ಬಾಡಿಗೆ ಮನೆ, ಮಗ, ಸೊಸೆ, ಮೂವರು ಮೊಮ್ಮಕ್ಕಳು. ತೊಂದರೆ ಕೊಡುವುದೇಕೆ ಎಂದು ನಾವು ಬಂದ ವಿಷಯ ಹೇಳಿರಲಿಲ್ಲ. ಮಗನ ಬಾಯಿಂದ ಸುದ್ದಿ ಹೋಯಿತು. ಮರುದಿನ ಮಧ್ಯಾಹ್ನ ಚಿಕ್ಕಮ್ಮ ಟಿಫಿನ್ ಕ್ಯಾರಿಯರ್‌ನಲ್ಲಿ ನೀರುದೋಸೆ, ಕೋಳಿ ಸಾರು ಹಿಡಿದುಕೊಂಡು ಆಟೋದಲ್ಲಿ ಬಂದೇಬಿಟ್ಟರು. ಗೇಟಿನಲ್ಲಿ ಚೀಲವನ್ನು ಯಂತ್ರದೊಳಗೆ ಹಾಕಿದರು, ಕೌಂಟರಿನಲ್ಲಿ ಗುರುತು ಚೀಟಿ ಕೇಳಿದರು. ನಾನು ಲಿಫ್ಟ್ ಇಳಿದು ಬಂದಾಗ ಅವರ ಮುಖ ಕೆಂಪಾಗಿತ್ತು.

"ನನ್ನ ಅಕ್ಕನ ಮಗಳನ್ನು ನೋಡಲು ನನಗೆ ಆಧಾರ್ ಕಾರ್ಡ್ ಬೇಕೇನಮ್ಮಾ?"

ಹುಡುಗರ ತಪ್ಪೇನೂ ಇಲ್ಲ, ಅದು ಅವರ ನಿಯಮ. ಆದರೆ ನನಗೆ ತಲೆಯೆತ್ತಲಾಗಲಿಲ್ಲ. ಅತಿಥಿಗೆ ಒಂದು ಹಗಲು ಒಂದು ರಾತ್ರಿಯ ವಿಶೇಷ ಸತ್ಕಾರ, ಮೂರು ದಿನದ ಆತಿಥ್ಯ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅತಿಥೇಯನಿಗೆ ಭಾರವಾಗುವಷ್ಟು ಕಾಲ ಉಳಿಯಬಾರದೆಂದೂ ಕಲಿಸಿದ್ದಾರೆ. ನಾವು ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡು ಮೊದಲನೆಯದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಕುಟುಂಬದವರಿಗೆ ತೊಂದರೆಯಾಗದಿರಲಿ ಎಂದು ಹೋಟೆಲಿನಲ್ಲಿ ಉಳಿಯುವುದು ತಪ್ಪೆಂದು ನಾನು ಹೇಳಲಾರೆ. ಇಕ್ಕಟ್ಟಾದ ಮನೆಯಲ್ಲಿ ಪರ್ದಾದ ಕಷ್ಟ, ಒಂದೇ ಬಚ್ಚಲು, ಪರೀಕ್ಷೆಗೆ ಓದುವ ಮಕ್ಕಳು, ಇವೆಲ್ಲ ನಿಜ. ಆದರೆ ಬಂದುದನ್ನೇ ಮುಚ್ಚಿಡುವುದು ಬೇರೆ ಮಾತು.

ಕೋಣೆಗೆ ಬಂದ ಚಿಕ್ಕಮ್ಮ ಸುತ್ತಲೂ ನೋಡಿ, "ಇಲ್ಲಿ ಆರು ಹಾಸಿಗೆ ಹಾಸಬಹುದು" ಎಂದರು. ಮೇಜಿದ್ದರೂ ನೆಲದ ಮೇಲೆ ಪೇಪರ್ ಹಾಸಿ ನಮಗೆ ಬಡಿಸಿದರು. ಅಸರ್ ನಮಾಝ್ ಮಾಡಿ ಕಿಟಕಿಯ ಬಳಿ ನಿಂತು, ಹೆಗ್ಡೆ ನಗರದ ಹಜ್ ಭವನ ಯಾವ ದಿಕ್ಕಿಗೆ ಎಂದು ಕೇಳಿದರು. ಹಜ್‌ಗೆ ಹೋಗುವಾಗ ವಿಮಾನಕ್ಕೆ ಮುಂಚೆ ಅವರು ಅಲ್ಲಿ ತಂಗಿದ್ದರು. ಸಾಲು ಹಾಸಿಗೆಗಳು, ಗೊತ್ತಿಲ್ಲದ ಊರುಗಳ ಹೆಂಗಸರು, ರಾತ್ರಿಯಿಡೀ ಮಾತು. "ಅಲ್ಲಿಯೂ ಒಂದು ಮಂಚ, ಒಂದು ಚೀಲ, ಅಷ್ಟೇ ಇದ್ದದ್ದು" ಎಂದರು.

ಆ ರಾತ್ರಿ ನಾವು ಆರ್.ಟಿ. ನಗರಕ್ಕೆ ಹೋದೆವು. ಹಣ ಕಟ್ಟಿದ ಕೋಣೆ ಖಾಲಿ ಬಿಟ್ಟದ್ದಕ್ಕೆ ಮಗ ಸಿಟ್ಟಾದ, ಅವನದ್ದೂ ನ್ಯಾಯವೇ. ಮೊಮ್ಮಕ್ಕಳ ಕಾಲು ನನ್ನ ಹೊಟ್ಟೆಯ ಮೇಲೆ, ಕಟಕಟ ಎನ್ನುವ ಫ್ಯಾನು. ನಿದ್ದೆ ಅಷ್ಟಕ್ಕಷ್ಟೇ. ಬೆಳಗ್ಗೆ ಸಾಮಾನು ತೆಗೆದುಕೊಳ್ಳಲು ಹೋಟೆಲಿಗೆ ಮರಳಿದಾಗ ಅದೇ ಹುಡುಗಿ ಬಾಗಿಲಲ್ಲಿ ಗಾಬರಿಯಿಂದ ನಿಂತಿದ್ದಳು. ಹಾಸಿಗೆ ಹಾಗೆಯೇ ಇದೆಯಲ್ಲ, ಏನಾದರೂ ಸರಿ ಇರಲಿಲ್ಲವೇ ಎಂದು ಕೇಳಿದಳು. ಚಿಕ್ಕಮ್ಮನ ಮನೆಯ ವಿಷಯ ಹೇಳಿದೆ.

"ಹಾಗಾದ್ರೆ ಇವತ್ತು ನನಗೆ ಒಂದು ಹಾಸಿಗೆ ಕಡಿಮೆ ಆಂಟಿ" ಎಂದು ಅವಳು ತಳ್ಳುಗಾಡಿಯನ್ನು ಪಕ್ಕದ ಕೋಣೆಗೆ ತಿರುಗಿಸಿದಳು.