ವಿಳಾಸ ಹಲವು, ಸ್ಕೋರು ಒಂದೇ

1990ರ ದಶಕದ ಮೊದಲಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಓದಲು ಹೋದ ನಮ್ಮ ಹುಡುಗರಿಗೆ ಕ್ರಿಕೆಟ್ ಸ್ಕೋರು ತಿಳಿದುಕೊಳ್ಳುವುದೇ ಒಂದು ಪಾಡಾಗಿತ್ತು. ಅಲ್ಲಿನ ಪತ್ರಿಕೆಗಳಿಗೆ ಬೇಸ್‌ಬಾಲೇ ಲೋಕ. ಊರಿಗೆ ಫೋನ್ ಮಾಡಿ ಕೇಳೋಣವೆಂದರೆ ಬಿಲ್ಲು ಕಟ್ಟುವವರು ಯಾರು? ಉಳಿದದ್ದು ವಿಶ್ವವಿದ್ಯಾಲಯದ ಕಂಪ್ಯೂಟರ್. ಫಿನ್ಲೆಂಡಿನಲ್ಲಿ 1988ರಲ್ಲಿ ಹುಟ್ಟಿದ ಐಆರ್‌ಸಿ ಎಂಬ ಹರಟೆಯ ವ್ಯವಸ್ಥೆಯಲ್ಲಿ ಕ್ರಿಕೆಟ್ಟಿಗೆಂದೇ ಒಂದು ಚಾನೆಲ್ ಇತ್ತು. ಎಲ್ಲೋ ರೇಡಿಯೊ ಕೇಳುತ್ತಿದ್ದವನು ಸ್ಕೋರು ಟೈಪ್ ಮಾಡುತ್ತಿದ್ದ, ಉಳಿದವರು ಓದುತ್ತಿದ್ದರು.

ಒಂದೇ ತೊಡಕು. ಹೊಸದಾಗಿ ಒಳಗೆ ಬಂದವರೆಲ್ಲ ಮೊದಲು ಕೇಳುವುದು ‘ಸ್ಕೋರ್ ಎಷ್ಟು?’ ಹೇಳಿದವನೇ ಮತ್ತೆ ಹೇಳಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಬ್ರಿಟನ್ನಿನ ಸೈಮನ್ ಕಿಂಗ್ ಈ ಕೆಲಸವನ್ನು ಒಂದು ಬಾಟ್‌ಗೆ, ಅಂದರೆ ಕೇಳಿದ್ದಕ್ಕೆ ತಾನೇ ಉತ್ತರಿಸುವ ಪುಟ್ಟ ಪ್ರೋಗ್ರಾಮಿಗೆ ಒಪ್ಪಿಸಿದರು. ಅದೇ ಮುಂದೆ ಕ್ರಿಕ್‌ಇನ್ಫೋ ಎಂಬ ಕ್ರಿಕೆಟ್ ತಾಣವಾಗಿ ಬೆಳೆಯಿತು; 1993ರ ಮಾರ್ಚ್ 15 ಅದರ ಹುಟ್ಟುಹಬ್ಬ. ಕಾರ್ನೆಲ್‌ನಲ್ಲಿ ಓದುತ್ತಿದ್ದ ಬದ್ರಿ ಶೇಷಾದ್ರಿಯಂಥ ಭಾರತೀಯ ವಿದ್ಯಾರ್ಥಿಗಳು ಬೇಗನೆ ಕೈಜೋಡಿಸಿದರು. ಸಂಬಳವಿಲ್ಲ, ಕಚೇರಿಯಿಲ್ಲ, ಹುಚ್ಚೊಂದೇ ಬಂಡವಾಳ.

ಆದರೆ ಬಾಟ್ ಇದ್ದದ್ದು ಹರಟೆಯ ಚಾನೆಲ್ಲಿನಲ್ಲಿ. ಹಳೆಯ ಪಂದ್ಯಗಳನ್ನು ಒಪ್ಪವಾಗಿ ಜೋಡಿಸಿಡಲು ಬೇರೊಂದು ಜಾಗ ಬೇಕಾಯಿತು. ಆಗ ಚಾಲ್ತಿಯಲ್ಲಿದ್ದದ್ದು ಗೋಫರ್. ಒಂದು ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ, ಕೊನೆಗೊಂದು ಕಡತ. ಅಷ್ಟೇ ಅದರ ರಚನೆ. ತಮಾಷೆಯೆಂದರೆ ಗೋಫರ್ ಕೂಡ ಇದೇ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಹುಟ್ಟಿದ್ದು. ಅಲ್ಲಿನ ಕ್ರೀಡಾ ತಂಡಗಳ ಹೆಸರೇ ಗೋಲ್ಡನ್ ಗೋಫರ್ಸ್. ಕ್ರಿಕೆಟ್ ಅಭಿಮಾನಿಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ಬೇರೆ ಆಟಗಳ ತಂಡವೊಂದರ ಹೆಸರಿನಡಿ ತಮ್ಮ ಭಂಡಾರ ಕೂಡಿಸಿದರು.

ಗೋಫರ್ ಕಾಲ ಹೆಚ್ಚು ನಡೆಯಲಿಲ್ಲ. 1993ರಲ್ಲಿ ವಿಶ್ವವಿದ್ಯಾಲಯವು ಗೋಫರ್ ಸರ್ವರ್ ನಡೆಸುವವರಿಂದ ಶುಲ್ಕ ಕೇಳುವುದಾಗಿ ಹೇಳಿತು. ಅದೇ ವರ್ಷದ ಏಪ್ರಿಲ್ 30ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯವು ವೆಬ್ಬನ್ನು ಎಲ್ಲರಿಗೂ ಪುಕ್ಕಟೆ ಎಂದು ಸಾರಿತು. ಮೊಸಾಯಿಕ್ ಬ್ರೌಸರ್ ಬಂದ ಮೇಲಂತೂ ಗೋಫರನ್ನು ಕೇಳುವವರಿಲ್ಲ. ಕ್ರಿಕ್‌ಇನ್ಫೋ ಮತ್ತೆ ಗಂಟುಮೂಟೆ ಕಟ್ಟಿತು. 1996ರ ವಿಶ್ವಕಪ್ ಹೊತ್ತಿಗೆ ಅದು ವೆಬ್‌ನಲ್ಲಿತ್ತು. ಮಾರ್ಚ್ 9ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೇಲ್ ಸ್ಟಂಪ್ ಎಗರಿಸಿದರಲ್ಲ, ಆ ವಿಶ್ವಕಪ್. ಟಿವಿಯಲ್ಲಿ ಕ್ರಿಕೆಟ್ ಬಾರದ ದೇಶಗಳಲ್ಲಿದ್ದ ಕನ್ನಡಿಗರಿಗೆ ಇಂಥ ಪಂದ್ಯಗಳು ಮುಟ್ಟುತ್ತಿದ್ದದ್ದು ಅಕ್ಷರಗಳಲ್ಲಿ.

ಮೂರೇ ವರ್ಷದಲ್ಲಿ ಮೂರು ನೆಲೆ. ಪ್ರತಿ ಸಲವೂ ತಂತ್ರಾಂಶ ಹೊಸದು, ವಿಳಾಸ ಹೊಸದು, ಓದುವ ಬಗೆಯೂ ಹೊಸದು. ಆದರೂ ಸರಕು ಕೆಡಲಿಲ್ಲ. ಹೇಗೆ?

1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಮುಗಿದ ಇನಿಂಗ್ಸನ್ನು ನೋಡಿ. ಕೊನೆಯದಾಗಿ ಬಿದ್ದ ವಿಕೆಟ್ ಸ್ಕೋರ್‌ಕಾರ್ಡ್‌ನಲ್ಲಿ ಹೀಗಿದೆ: ವಾಸಿಂ ಅಕ್ರಂ, ಸಿ ಲಕ್ಷ್ಮಣ್ ಬಿ ಕುಂಬ್ಳೆ, 37. ಕುಂಬ್ಳೆ ಸಾಲು: 26.3-9-74-10. ಇಪ್ಪತ್ತಾರು ಓವರ್ ಮೂರು ಎಸೆತ, ಒಂಬತ್ತು ಮೇಡನ್, ಎಪ್ಪತ್ತನಾಲ್ಕು ರನ್, ಹತ್ತಕ್ಕೆ ಹತ್ತೂ ವಿಕೆಟ್. ಇದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ವಿಶೇಷ ಫಾಂಟಿಲ್ಲ. ಪೆನ್ಸಿಲ್ಲಿನಲ್ಲಿ ಬರೆದರೂ ಅದೇ ಅರ್ಥ, ಬಾಟ್ ಹೇಳಿದರೂ ಅದೇ ಅರ್ಥ. ಕ್ರಿಕ್‌ಇನ್ಫೋ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಟ್ಟಿ ಸೇರಿಸಿದ್ದೂ ಇಂಥ ಸಾದಾ ಅಕ್ಷರಗಳನ್ನೇ. 1877ರ ಮೆಲ್ಬರ್ನ್ ಟೆಸ್ಟೂ ಅಲ್ಲಿದೆ. ಸಾದಾ ಅಕ್ಷರವನ್ನು ಯಾವ ವೇದಿಕೆಗಾದರೂ ಸಾಗಿಸಬಹುದು. ಒಂದೇ ತಂತ್ರಾಂಶಕ್ಕೆ ಗಂಟುಬಿದ್ದ ಮಾಹಿತಿಯನ್ನು ಹಾಗೆ ಸಾಗಿಸಲಾಗದು.

ಮುಂದಿನ ಸ್ಥಳಾಂತರಗಳು ಒಡೆತನದವು. 2000ದಲ್ಲಿ ಸತ್ಯಂ ಇನ್ಫೋವೇ ಕಾಲು ಭಾಗ ಪಾಲನ್ನು 3.75 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಡಾಟ್‌ಕಾಂ ಗುಳ್ಳೆ ಒಡೆಯಿತು. 2003ರಲ್ಲಿ ವಿಸ್ಡನ್ ಸಮೂಹ ಕೊಂಡುಕೊಂಡಿತು. 1864ರಿಂದ ಕ್ರಿಕೆಟ್ ವಾರ್ಷಿಕ ತರುತ್ತಿದ್ದ ವಿಸ್ಡನ್ ಹೆಸರಿನ ತಾಣವೇ, ಹತ್ತು ವರ್ಷದ ಹುಡುಗಾಟದ ತಾಣದೊಳಗೆ ಸೇರಿಹೋಯಿತು. ಓದುಗರು ಯಾವ ಕಡೆ ಇದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2007ರಲ್ಲಿ ಇಎಸ್‌ಪಿಎನ್ ಬಂತು. ಇವತ್ತು ಬೆಂಗಳೂರಿನಲ್ಲೂ ಅದರ ಕಚೇರಿಯಿದೆ.

ಪ್ರತಿ ಸಲ ತಾಣದ ರೂಪ ಬದಲಾದಾಗಲೂ ಹಳೆಯದೇ ಚೆನ್ನಾಗಿತ್ತು ಎಂದು ಓದುಗರು ಗೊಣಗುತ್ತಾರೆ. ಗೊಣಗಲಿ, ಅದು ಅಭಿಮಾನಿಯ ಹಕ್ಕು. ನಿಜವಾದ ಪರೀಕ್ಷೆ ಬೇರೆಡೆ ಇದೆ. ಅನಿಲ್ ಕುಂಬ್ಳೆ ಪುಟದ ಹಳೆಯ ವಿಳಾಸದ ಕೊನೆಯಲ್ಲಿ 30176 ಎಂಬ ಸಂಖ್ಯೆ ಇತ್ತು. ಈಗಿನ ವಿಳಾಸದಲ್ಲಿ ಅವರ ಹೆಸರು ಸೇರಿದೆ, ನಡುವಿನ ಪದಗಳು ಬದಲಾಗಿವೆ, ಆದರೆ ಕೊನೆಯಲ್ಲಿ ಅದೇ 30176. ವಿಕಿಪೀಡಿಯದಲ್ಲೋ ಯಾರದೋ ಹಳೆಯ ಲೇಖನದಲ್ಲೋ ಇರುವ ಕೊಂಡಿಯನ್ನು ಒತ್ತಿದಾಗ ಸರ್ವರ್ ‘301’ ಎಂಬ ಸಂಕೇತ ಕಳಿಸಿ, ಪುಟ ಶಾಶ್ವತವಾಗಿ ಇಲ್ಲಿಗೆ ಹೋಗಿದೆ ಎಂದು ಬ್ರೌಸರಿಗೆ ಹೊಸ ವಿಳಾಸ ಕೊಡಬೇಕು. ಈ ಏರ್ಪಾಡು ಮಾಡದ ತಾಣ ‘404’ ಎಂದು ಕೈಚೆಲ್ಲುತ್ತದೆ. ಸಂಖ್ಯೆ ಬದಲಾಗದಿದ್ದರೆ ಹಳತು ಹೊಸತನ್ನು ಹೊಂದಿಸುವುದು ಸಲೀಸು. ನೋಡಲು ಏನೂ ಅಂದವಿಲ್ಲದ ಈ ಐದಂಕಿಯೇ, ನನ್ನ ಪ್ರಕಾರ, ಆ ತಾಣದ ಅತ್ಯಂತ ಜಾಣ ನಿರ್ಧಾರ.

ಇದಕ್ಕೆ ಎದುರಾದ ಕಥೆಯೂ ಇದೆ. ಭಾರತದಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಆಟಗಾರರಿಗೂ ತಂಡಗಳಿಗೂ ಅಭಿಮಾನಿ ಬಳಗಗಳಿದ್ದವು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದನ್ನು ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ನಿಂತಿತು. ಬಳಗ ಅಭಿಮಾನಿಗಳದ್ದು, ಬೀಗದಕೈ ಕಂಪನಿಯದ್ದು. ಬಾಡಿಗೆ ಮನೆಯಲ್ಲಿ ಗೋಡೆಗೆ ಬರೆದ ಚಿತ್ರವನ್ನು ಮನೆ ಬಿಡುವಾಗ ಒಯ್ಯಲಾಗುತ್ತದೆಯೇ?

ಕ್ರಿಕ್‌ಇನ್ಫೋ ಕೂಡ ಎಲ್ಲವನ್ನೂ ಒಯ್ಯಲಿಲ್ಲ. ಸ್ಕೋರು ಉಳಿಯಿತು, ಮಾತು ಉಳಿಯಲಿಲ್ಲ. ಐಆರ್‌ಸಿ ಚಾನೆಲ್ಲಿನಲ್ಲಿ ರಾತ್ರಿಯಿಡೀ ನಡೆದ ಜಗಳ, ತಮಾಷೆ, ಶಾಪಗಳು ಪರದೆಯ ಮೇಲೆ ಮೂಡಿ ಹೋದವು. ಯಾರಾದರೂ ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಓದುಗರೇ ಬರೆಯುತ್ತಿದ್ದ ತಾಣ ಕಾಲಕ್ರಮೇಣ ಸಂಬಳದ ಪತ್ರಕರ್ತರು ಬರೆಯುವ ತಾಣವಾಯಿತು. ಬರಹದ ಗುಣಮಟ್ಟ ಏರಿತು, ಅದನ್ನು ಒಪ್ಪಲೇಬೇಕು. ಬಳಗ ಮಾತ್ರ ಓದುಗವರ್ಗವಾಯಿತು.

ನಿಮ್ಮೂರಿನ ಕಬಡ್ಡಿ ಅಥವಾ ಕ್ರಿಕೆಟ್ ಕ್ಲಬ್ಬಿನ ಫಲಿತಾಂಶಗಳು ಈಗ ವಾಟ್ಸಾಪ್ ಗುಂಪೊಂದರಲ್ಲಿ ಮಾತ್ರ ಇದ್ದರೆ, ಅಲ್ಲಿನ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಚಾಟ್’ ಎಂಬ ಆಯ್ಕೆಯಿದೆ. ಬರುವ ಕಡತ ಸಾದಾ ಅಕ್ಷರದ್ದು. ಒಂದು ಪ್ರತಿ ತೆಗೆದು ಇಬ್ಬರ ಬಳಿ ಇಡಿ.