ದಾಂಡೇಲಿ ಎಂದರೆ ಎಷ್ಟು ಅಕ್ಷರ?

ದಾಂಡೇಲಿ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಒಂದನೇ ತರಗತಿಯ ಮಗುವನ್ನು ಕೇಳಿ. ದಾಂ, ಡೇ, ಲಿ ಎಂದು ಬೆರಳು ಮಡಚಿ ಮೂರು ಎನ್ನುತ್ತದೆ. ಅದೇ ಹೆಸರಿನ ಉದ್ದವನ್ನು ಕಂಪ್ಯೂಟರಿನಲ್ಲಿ ಸಿ ಭಾಷೆಯ ಮೂಲಕ ಕೇಳಿದರೆ 21, ಪೈಥಾನ್‌ನಲ್ಲಿ 7, ಸ್ವಿಫ್ಟ್‌ನಲ್ಲಿ 3. ಇವುಗಳಲ್ಲಿ ಯಾವುದೂ ತಪ್ಪಲ್ಲ. 1972ರ ಸುಮಾರಿಗೆ ಹುಟ್ಟಿದ ಸಿ ಎಣಿಸುವುದು ಬೈಟುಗಳನ್ನು; ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. 1991ರ ಪೈಥಾನ್ ಇಂದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ದ, ಇಳಿ, ಸೊನ್ನೆ, ಡ, ದೀರ್ಘದ ಏತ್ವ, ಲ, ಗುಡಿಸು. 2014ರಲ್ಲಿ ಬಂದ ಸ್ವಿಫ್ಟ್ ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸಲು ನೋಡುತ್ತದೆ. ಯಂತ್ರದ ವಿವರಗಳನ್ನು ಒಂದೊಂದಾಗಿ ಮರೆಮಾಡುತ್ತ ಮೇಲೇರುವ ಈ ಮೆಟ್ಟಿಲುಗಳಿಗೇ ಅಮೂರ್ತತೆಯ ಮಟ್ಟಗಳು ಎನ್ನುತ್ತಾರೆ. ಯಾವ ಭಾಷೆ ಮೇಲು ಎಂದು ಪ್ರೋಗ್ರಾಮರುಗಳು ನಡೆಸುವ ಜಗಳವೆಲ್ಲ ಬಹುತೇಕ ಯಾವ ಮೆಟ್ಟಿಲ ಮೇಲೆ ನಿಲ್ಲಬೇಕೆಂಬ ಜಗಳವೇ.

ಕನ್ನಡದ ಕೆಲಸ ಮಾಡುವವರು ಮೇಲಿನ ಮೆಟ್ಟಿಲಲ್ಲೇ ಶುರುಮಾಡಬೇಕು ಎಂಬುದು ನನ್ನ ವಾದ. ಹೆಸರಿಗೆಂದು 20 ಬೈಟು ಜಾಗ ಕಾದಿಟ್ಟ ಅರ್ಜಿಯೊಂದನ್ನು ಊಹಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆದ ಊರ ಹೆಸರುಗಳು ಅದರಲ್ಲಿ ಸಲೀಸಾಗಿ ಕೂರುತ್ತವೆ. ದಾಂಡೇಲಿಯ ಕೊನೆಯ ಗುಡಿಸು ಮಾತ್ರ ಅರ್ಧಕ್ಕೇ ತುಂಡಾಗಿ, ಲಕಾರದ ಪಕ್ಕ ಅರ್ಥವಿಲ್ಲದ ಗುರುತೊಂದು ಮೂಡುತ್ತದೆ. ಬರೆದವನಿಗೆ ಸಿ ಚೆನ್ನಾಗಿ ಗೊತ್ತಿದ್ದರೂ ಹೀಗಾಗಬಹುದು, ಏಕೆಂದರೆ ಅವನು ಎಣಿಸಿದ್ದು ಯಂತ್ರದ ಲೆಕ್ಕದಲ್ಲಿ. ಕೆಲಸ ಬಲ್ಲವರ ಕಣ್ಣಿಗೆ ಒಗ್ಗುವ ಬರವಣಿಗೆಯಿಂದ ಎಷ್ಟು ಲಾಭವೆಂಬುದನ್ನು ಕಾರ್ಖಾನೆಗಳು ಹಿಂದೆಯೇ ಕಂಡುಕೊಂಡಿವೆ. ಕಾಗದದ ಗಿರಣಿಯಂಥ ಕಡೆ ಯಂತ್ರಗಳನ್ನು ನಡೆಸುವ ಗಣಕವಾದ ಪಿಎಲ್‌ಸಿಗೆ ಪ್ರೋಗ್ರಾಮನ್ನು ಇಂದಿಗೂ ಏಣಿಯ ಆಕಾರದ ಚಿತ್ರದಲ್ಲಿ ಬರೆಯುವುದುಂಟು. ಅಮೆರಿಕದ ಮೊದಲ ಪಿಎಲ್‌ಸಿಗಳ ಕಾಲದಲ್ಲಿ, 1969ರ ಸುಮಾರಿಗೆ, ಆ ಚಿತ್ರವನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ: ರಿಲೇಗಳ ನಕ್ಷೆ ಓದಿ ರೂಢಿಯಿದ್ದ ಎಲೆಕ್ಟ್ರಿಷಿಯನ್ನರು ಹೊಸ ಭಾಷೆ ಕಲಿಯದೆಯೇ ಅದನ್ನು ಓದಬಹುದಿತ್ತು.

ಮೇಲಿನ ಮಟ್ಟ ನಿಧಾನ, ಸ್ಮರಣೆ ತಿನ್ನುತ್ತದೆ ಎಂಬ ಆಕ್ಷೇಪ ನಿಜ. ಜೋಯಿಡಾದ ಹಳ್ಳವೊಂದರ ನೀರಿನ ಮಟ್ಟ ಅಳೆಯಲು ಆರ್ಡುಯಿನೊ ಊನೊದ ಹಳೆಯ ಮಾದರಿಯ ಬೋರ್ಡ್ ಇಡುವುದಾದರೆ ಅದರಲ್ಲಿರುವ ಕೆಲಸದ ಸ್ಮರಣೆ 2 ಕಿಲೋಬೈಟ್ ಮಾತ್ರ. ಅಲ್ಲಿ ಸಿ ಮತ್ತು ಸಿ++ಗಳದ್ದೇ ಜಾಗ. ಆದರೆ ಫೋನಿನಲ್ಲಿ, ಕಚೇರಿಯ ಗಣಕದಲ್ಲಿ ಊರ ಹೆಸರು ಬರೆಯುವುದಕ್ಕೆ ಆ ಬಡತನವಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೇಲಿನ ಮೆಟ್ಟಿಲನ್ನು ಕಟ್ಟಿದವರೂ ಮನುಷ್ಯರೇ, ಅವರ ಎಣಿಕೆ ನಮ್ಮ ಎಣಿಕೆಯಾಗಿರಬೇಕೆಂದಿಲ್ಲ. ಹಳಿಯಾಳ ತಾಲೂಕಿನ ತಟ್ಟಿಹಳ್ಳವನ್ನೇ ನೋಡಿ. ಮಗುವಿಗೆ ಅದು ತ, ಟ್ಟಿ, ಹ, ಳ್ಳ, ನಾಲ್ಕು ಅಕ್ಷರ. ಯೂನಿಕೋಡ್‌ನ ಮೂಲ ನಿಯಮಕ್ಕೆ ಆರು, ಏಕೆಂದರೆ ಅದು ವ್ಯಂಜನದ ಸ್ವರವನ್ನು ಅಳಿಸುವ ಗುರುತಾದ ಹಲಂತದ ಬಳಿ ಒತ್ತಕ್ಷರವನ್ನು ಎರಡಾಗಿ ಕತ್ತರಿಸುತ್ತದೆ. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ನಿವಾಸಿಗಳ ಲಿಪಿಯಲ್ಲೂ ವ್ಯಂಜನಗಳು ಒಂದರ ಕೆಳಗೊಂದು ಕೂರುತ್ತವೆ. ಆದರೆ ಕೆಳಗೆ ಕೂರುವ ರೂಪಕ್ಕೆ ಅಲ್ಲಿ ಬೇರೆಯೇ ಸಂಕೇತವಿರುವುದರಿಂದ ಆ ಪೇರಿಕೆ ಒಡೆಯುವುದಿಲ್ಲ. ಒಂದೇ ಜಿಲ್ಲೆಯ ಎರಡು ಲಿಪಿ, ಒಂದೇ ಪ್ರೋಗ್ರಾಮು, ಎರಡು ಬಗೆಯ ಲೆಕ್ಕ! ಮೇಲಿನ ಮೆಟ್ಟಿಲಲ್ಲೇ ಕೂತವರಿಗೆ ಇದು ಒಗಟು. ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಸಿ ಕಲಿಯುವುದು ವ್ಯರ್ಥವಲ್ಲ ಎನ್ನುವುದು ಇದಕ್ಕೇ. ಕೆಳಗಿಳಿದು ಸಂಕೇತಗಳನ್ನು ಒಂದೊಂದಾಗಿ ನೋಡಿದವರಿಗೆ ಟ ಮತ್ತು ಟ ನಡುವೆ ಅಡಗಿರುವ ಹಲಂತ ಕಾಣುತ್ತದೆ. ಹಲಂತದ ಮುಂದೆ ವ್ಯಂಜನ ಬಂದರೆ ಕತ್ತರಿಸಬೇಡ ಎಂಬ ಒಂದು ಸಾಲು ಸೇರಿಸಿದರೆ ತಟ್ಟಿಹಳ್ಳ ಮತ್ತೆ ನಾಲ್ಕಕ್ಷರದ ಹೆಸರಾಗುತ್ತದೆ.